ಅಡಿಕೆ ಮರದ ಪುಟ್ಟ ಲಿವರ್‌ವರ್ಟ್‌ಗೆ ಹೆಸರು ಸಿಗುತ್ತಿಲ್ಲವೇ? ಮೊದಲು ಮಗುಚಿ ಹಾಕಿ

ಮಳೆಗಾಲ ಮುಗಿಯುವ ಹೊತ್ತಿಗೆ ಕಾಸರಗೋಡು ಕಡೆಯ ಅಡಿಕೆ ತೋಟಗಳಲ್ಲಿ ಮರದ ಬುಡದಿಂದ ಆಳೆತ್ತರದವರೆಗೆ ಹಸಿರು ಹಿಡಿದಿರುತ್ತದೆ. ಎಲ್ಲವನ್ನೂ ಸೇರಿಸಿ ಹಾವಸೆ ಅಂದುಬಿಡುತ್ತೇವೆ. ಲೆನ್ಸ್ ಹಿಡಿದರೆ ಅದರಲ್ಲಿ ಪಾಚಿ ಬೇರೆ, ಕಲ್ಲುಹೂವು ಬೇರೆ, ಹೂವು ಬೀಜ ಇಲ್ಲದ ಪುಟ್ಟ ಗಿಡಗಳಲ್ಲೇ ಮಾಸ್ ಬೇರೆ, ಎಲೆ ಇರುವ ಲಿವರ್‌ವರ್ಟ್ ಬೇರೆ ಅಂತ ಗೊತ್ತಾಗುತ್ತದೆ. ತಲೆನೋವು ಶುರುವಾಗುವುದು ಈ ಕೊನೆಯದರಲ್ಲಿ. ಗಿಡದ ಅಗಲ ಒಂದು ಮಿಲಿಮೀಟರ್, ಕೆಲವು ಸಲ ಅದಕ್ಕೂ ಕಡಿಮೆ. ಫೋಟೋ ತೆಗೆದು ಆ್ಯಪ್‌ಗೆ ಹಾಕಿದರೆ ಒಂದೊಂದು ಸಲ ಒಂದೊಂದು ಹೆಸರು ಬರುತ್ತದೆ. ಪುಸ್ತಕದ ಕೀ, ಅಂದರೆ ಒಂದೊಂದೇ ಪ್ರಶ್ನೆ ಕೇಳಿ ಹೆಸರಿನ ಕಡೆಗೆ ಕರೆದೊಯ್ಯುವ ಪಟ್ಟಿ, ಹಿಡಿದು ಹೊರಟರೆ ಎರಡು ಮೂರು ಪ್ರಶ್ನೆ ದಾಟುವಷ್ಟರಲ್ಲಿ ದಾರಿ ಮುಚ್ಚುತ್ತದೆ.

ಹೀಗೆ ನಿಂತುಹೋದ ಮಾದರಿಗಳನ್ನು ಜನ ತಂದು ತೋರಿಸುತ್ತಾರೆ. ಹೆಚ್ಚಿನ ಸಲ ದೋಷ ಒಂದೇ ಕಡೆ ಇರುತ್ತದೆ. ಗಿಡದ ಬೆನ್ನು ನೋಡಿ, ಹೊಟ್ಟೆಯ ಬಗ್ಗೆ ಇರುವ ಪ್ರಶ್ನೆಗೆ ಉತ್ತರ ಕೊಟ್ಟಿರುತ್ತಾರೆ. ಈ ಗಿಡಗಳ ಗುರುತೆಲ್ಲ ಮರಕ್ಕೆ ಅಂಟಿಕೊಂಡ ಬದಿಯಲ್ಲಿದೆ. ಫೋಟೋದಲ್ಲಿ ಬರುವುದು ಮಾತ್ರ ಬೆನ್ನಿನ ಬದಿ. ಆ್ಯಪ್ ಸೋಲುವುದೂ ಇಲ್ಲೇ.

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ಹತ್ತು ಪಟ್ಟು ಅಥವಾ ಇಪ್ಪತ್ತು ಪಟ್ಟು ದೊಡ್ಡದು ಮಾಡುವ ಲೆನ್ಸ್, ಎರಡು ಸೂಜಿ, ಗಾಜಿನ ಸ್ಲೈಡ್, ನೀರು. ಶಾಲೆಯ ಮೈಕ್ರೋಸ್ಕೋಪ್ ಸಿಕ್ಕಿದರೆ ಕೆಲಸ ಸಲೀಸು. ಇಲ್ಲದಿದ್ದರೆ ಕಾಗದ ಮಡಚಿ ಮಾಡುವ ಫೋಲ್ಡ್‌ಸ್ಕೋಪ್ ಸಾಕು. ಅದು ಸುಮಾರು 140 ಪಟ್ಟು ದೊಡ್ಡದು ಮಾಡುತ್ತದೆ. ಹೆಚ್ಚಿನ ಕುಲಗಳ ಹೆಸರಿನವರೆಗೆ ಹೋಗಲು ಅಷ್ಟು ಧಾರಾಳ.

ಅದು ಲಿವರ್‌ವರ್ಟ್ ಹೌದಾ?

ಕೀಯಲ್ಲಿ ಯಾವ ದಾರಿ ಹಿಡಿದರೂ ಹೊಂದುತ್ತಿಲ್ಲ ಅಂದರೆ ಮೊದಲ ಅನುಮಾನ ಇದೇ ಇರಲಿ. ಕೆಂಪು ಕಿತ್ತಳೆ ಬಣ್ಣದ ವೆಲ್ವೆಟ್ಟಿನಂಥದ್ದು ಟ್ರೆಂಟಿಪೋಲಿಯಾ ಎಂಬ ಪಾಚಿ. ಅದನ್ನು ಬಿಟ್ಟುಬಿಡಿ. ಬಿಳಿಚಿಕೊಂಡ ಹಸಿರಿನ, ದಪ್ಪ ಎಲೆಯ, ಒಣಗಿದಾಗ ಮುಟ್ಟಿದರೆ ಮುರಿಯುವ ಮೆತ್ತೆ ಆಕ್ಟೋಬ್ಲೆಫರಮ್ ಎಂಬ ಮಾಸ್. ತೆಂಗು ಅಡಿಕೆಯ ಬುಡದಲ್ಲಿ ಅದು ಸಾಮಾನ್ಯ. ಇವೆರಡರಲ್ಲಿ ಯಾರೂ ಅಷ್ಟಾಗಿ ಮೋಸ ಹೋಗುವುದಿಲ್ಲ.

ಮೋಸ ಮಾಡುವುದು ಫಿಸ್ಸಿಡೆನ್ಸ್ ಎಂಬ ಮಾಸ್. ಮುರಕಲ್ಲಿನ ಬರೆ, ತೋಡಿನ ಬದಿ, ಸುರಂಗದ ಬಾಯಿಯ ಒದ್ದೆ ಗೋಡೆ, ಎಲ್ಲ ಕಡೆ ಇದು ಇರುತ್ತದೆ. ಎಲೆಗಳು ಎರಡೇ ಸಾಲಿನಲ್ಲಿ ಚಪ್ಪಟೆಯಾಗಿ ನಿಂತಿರುತ್ತವೆ. ನೋಡಿದ ಕೂಡಲೇ ಲಿವರ್‌ವರ್ಟ್ ಅಂತ ಅನ್ನಿಸಿಬಿಡುತ್ತದೆ. ಒಂದು ಎಲೆಯನ್ನು ಬೆಳಕಿಗೆ ಹಿಡಿಯಿರಿ. ಬುಡದಿಂದ ತುದಿಗೆ ನಡುನರ ಓಡಿದ್ದರೆ ಅದು ಮಾಸ್. ಎಲೆ ಇರುವ ಲಿವರ್‌ವರ್ಟ್‌ಗಳ ಎಲೆಗೆ ನಡುನರ ಇಲ್ಲ. ಫಿಸ್ಸಿಡೆನ್ಸ್ ಎಲೆಯ ಬುಡ ಎರಡಾಗಿ ಸೀಳಿ ಕಾಂಡವನ್ನು ತಬ್ಬಿಕೊಂಡಿರುತ್ತದೆ. ಆ ಸೀಳನ್ನು ಲಿವರ್‌ವರ್ಟ್ ಎಲೆಯ ಮಡಿಕೆ ಅಂತ ಓದಿಕೊಂಡರೆ ಕೀ ಎಲ್ಲೆಲ್ಲಿಗೋ ಕರೆದುಕೊಂಡು ಹೋಗುತ್ತದೆ.

ಇನ್ನೂ ಅನುಮಾನ ಇದ್ದರೆ ಬೇರುಗೂದಲು ನೋಡಿ. ಲಿವರ್‌ವರ್ಟ್‌ನದ್ದು ಒಂದೇ ಕೋಶದ ಉದ್ದನೆಯ ಕೊಳವೆ, ಒಳಗೆ ಅಡ್ಡಗೋಡೆ ಇರುವುದಿಲ್ಲ. ಮಾಸ್‌ನದ್ದರಲ್ಲಿ ಓರೆಯಾದ ಅಡ್ಡಗೋಡೆಗಳು ಕಾಣುತ್ತವೆ. ಅದೃಷ್ಟಕ್ಕೆ ಬೀಜಕದ ಚೀಲ ಸಿಕ್ಕಿದರಂತೂ ಮಾತೇ ಇಲ್ಲ. ಲಿವರ್‌ವರ್ಟ್‌ನದ್ದು ನೀರಿನಂಥ ತೆಳು ದಂಟಿನ ಮೇಲೆ ಕಪ್ಪು ಕಂದು ಉಂಡೆ. ಒಡೆದಾಗ ನಾಲ್ಕು ಹೋಳಾಗುತ್ತದೆ. ದಂಟು ಬೇಗ ಬಾಡಿಹೋಗುವುದರಿಂದ ಕಾಣಸಿಗುವುದೇ ಅಪರೂಪ. ಮಾಸ್‌ನ ದಂಟು ಗಟ್ಟಿ, ತಿಂಗಳುಗಟ್ಟಲೆ ನಿಂತಿರುತ್ತದೆ.

ಎಲೆ ಯಾವ ಕಡೆ ಹೊದ್ದುಕೊಂಡಿದೆ: ಉತ್ತರ ತಲೆಕೆಳಗಾಗುವುದು ಇಲ್ಲಿ

ಹೆಚ್ಚಿನ ಕೀಗಳು ಶುರುವಿನಲ್ಲೇ ಕೇಳುವ ಪ್ರಶ್ನೆ ಇದು. ಗಿಡದ ತುದಿಯನ್ನು ನಿಮ್ಮಿಂದ ಆಚೆಗೆ ಇಟ್ಟು ಬೆನ್ನಿನ ಕಡೆಯಿಂದ ನೋಡಿ. ಎಲೆಯ ಎರಡು ಅಂಚಿನಲ್ಲಿ ಗಿಡದ ತುದಿಯ ಕಡೆಗಿರುವುದು ಮೇಲೆ ಬಂದು, ಮುಂದಿನ ಎಲೆಯ ಬುಡವನ್ನು ಮುಚ್ಚಿದೆಯಾ? ಅದು ಇನ್‌ಕ್ಯೂಬಸ್. ಇಲ್ಲ, ಮುಂದಿನ ಎಲೆಯೇ ಈ ಎಲೆಯ ಅಂಚಿನ ಮೇಲೆ ಕೂತಿದೆಯಾ? ಅದು ಸಕ್ಯೂಬಸ್. ಕುಲಗಳಲ್ಲಿ ಲೆಜೂನಿಯಾ, ಫ್ರುಲಾನಿಯಾ, ರಾಡುಲಾ ಎಲ್ಲ ಮೊದಲನೆಯ ಬಗೆ. ಪ್ಲಾಜಿಯೋಕೈಲಾ, ಹೆಟಿರೋಸೈಫಸ್ ಎರಡನೆಯ ಬಗೆ.

ಗಿಡ ಸ್ಲೈಡ್ ಮೇಲೆ ಹೊಟ್ಟೆ ಮೇಲಾಗಿ ಬಿದ್ದಿದ್ದರೆ ಇದೇ ಹೊದಿಕೆ ಸರಿಯಾಗಿ ಉಲ್ಟಾ ಕಾಣುತ್ತದೆ. ಅಡಿಕೆ ಮರದ ಲೆಜೂನಿಯಾವನ್ನು ಪ್ಲಾಜಿಯೋಕೈಲಾದ ಸಾಲಿನಲ್ಲಿ ಹುಡುಕುತ್ತಾ ಕೂತವರಿದ್ದಾರೆ. ಪರಿಹಾರ ಸುಲಭ. ಬೇರುಗೂದಲು ಇರುವ ಬದಿ ಹೊಟ್ಟೆ. ಅದನ್ನು ಮೊದಲು ಖಾತ್ರಿ ಮಾಡಿಕೊಂಡು ಆಮೇಲೆ ಹೊದಿಕೆ ನೋಡಿ.

ಕಾಸರಗೋಡು ಜಿಲ್ಲೆಯ ರಾಣಿಪುರದಂಥ ಸುಮಾರು 1,000 ಮೀಟರ್ ಎತ್ತರದ ಗುಡ್ಡೆ ಕಾಡಿನಲ್ಲಿ ಅಂಚಿಗೆ ಹಲ್ಲು ಹಲ್ಲು ಇರುವ ದೊಡ್ಡ ಎಲೆಯ ಗಿಡ ಸಿಕ್ಕಿದರೆ ಪ್ಲಾಜಿಯೋಕೈಲಾ ಅಂತ ಧೈರ್ಯವಾಗಿ ಅನುಮಾನಿಸಬಹುದು. ಕೆಳಗಿನ ಬೈಲಿನ ತೋಟದಲ್ಲಿ, ಮರದ ಮೇಲೆ, ಮಿಲಿಮೀಟರ್ ಅಗಲದ್ದು ಸಿಕ್ಕಿದರೆ ಅದು ಹೆಚ್ಚಾಗಿ ಲೆಜೂನಿಯೇಸಿ ಕುಟುಂಬದ್ದೇ. ಲಿವರ್‌ವರ್ಟ್‌ಗಳಲ್ಲಿ ಅತಿ ದೊಡ್ಡ ಕುಟುಂಬ ಅದು, ಜಾತಿಗಳು ಸಾವಿರಕ್ಕೂ ಹೆಚ್ಚು.

ಹೊಟ್ಟೆಯ ಬದಿ

ನಿಧಾನ ಮಾಡಬೇಕಾದ ಜಾಗ ಇದು. ಮೆತ್ತೆಯಿಂದ ಒಂದೇ ಒಂದು ಎಳೆ ಬಿಡಿಸಿ. ಬೆರಳಿನಲ್ಲಿ ಎಳೆಯಬೇಡಿ, ತುಂಡಾಗುತ್ತದೆ. ನೀರಿನಲ್ಲಿ ಐದು ನಿಮಿಷ ನೆನೆಸಿ, ಬುಡದಿಂದ ಸೂಜಿ ತೂರಿಸಿ ಎತ್ತಿ. ಒಂದು ಹನಿ ನೀರಿನಲ್ಲಿ ಇಟ್ಟು, ತುದಿಯನ್ನು ಒಂದು ಸೂಜಿಯಲ್ಲಿ ಒತ್ತಿ ಹಿಡಿದು, ಇನ್ನೊಂದರಲ್ಲಿ ಕಾಂಡವನ್ನು ಉರುಳಿಸಿ. ಬೇರುಗೂದಲಿಗೆ ಅಂಟಿದ ತೊಗಟೆ ಪುಡಿಯನ್ನು ಸೂಜಿಯ ಮೊನೆಯಿಂದ ಒಂದೊಂದಾಗಿ ತೆಗೆಯಿರಿ. ಕಾಂಡದ ನಡುಗೆರೆಯಲ್ಲಿ ಏನಿದೆ ಅಂತ ಈಗ ನೋಡಿ.

ಎರಡು ಬದಿಯ ಎಲೆಗಳಲ್ಲದೆ ಕಾಂಡದ ಅಡಿಯಲ್ಲಿ ಮೂರನೇ ಸಾಲು ಚಿಕ್ಕ ಎಲೆಗಳಿರಬಹುದು. ಅವೇ ಅಡಿ ಎಲೆಗಳು. ಇವು ಇವೆಯೋ ಇಲ್ಲವೋ, ಇದ್ದರೆ ತುದಿ ಸೀಳಿದೆಯೋ ಇಡಿಯಾಗಿದೆಯೋ ಎಂಬುದರಲ್ಲೇ ಅರ್ಧ ಉತ್ತರ ಇದೆ.

ಅಡಿ ಎಲೆ ಇಲ್ಲವೇ ಇಲ್ಲ ಅಂದರೆ ಎರಡು ಸಾಧ್ಯತೆ ಮುಖ್ಯ. ಗಿಡ ತೀರಾ ಸಣ್ಣದು, ಬೇರುಗೂದಲು ಕಾಂಡದಿಂದ ಹೊರಟಿದೆ ಅಂದರೆ ಕೊಲೊಲೆಜೂನಿಯಾ. ಸ್ವಲ್ಪ ದೊಡ್ಡದು, ಬೇರುಗೂದಲು ಎಲೆಯ ಅಡಿಗೆ ಮಡಚಿದ ತುಂಡಿನಿಂದಲೇ ಹೊರಟಿದೆ ಅಂದರೆ ರಾಡುಲಾ. ಈ ಎರಡನೆಯ ಗುರುತು ಬೇರೆ ಯಾರಲ್ಲೂ ಇಲ್ಲ. ಹಾಗಾಗಿ ಒಮ್ಮೆ ಕಂಡರೆ ಮತ್ತೆ ಕೀ ಬೇಡ.

ಅಡಿ ಎಲೆ ಇದೆ, ತುದಿ ಇಡಿಯಾಗಿ ದುಂಡಗಿದೆ, ಗಿಡ ಒಣಗಿದಾಗ ಕಪ್ಪು ಕಂದು ಬಣ್ಣಕ್ಕೆ ತಿರುಗುತ್ತದೆ ಅಂದರೆ ಲೋಫೋಲೆಜೂನಿಯಾ, ಆಕ್ರೋಲೆಜೂನಿಯಾ, ಮಾಸ್ಟಿಗೋಲೆಜೂನಿಯಾ ಈ ಗುಂಪಿನ ಕಡೆ ಹೋಗಿ.

ಅಡಿ ಎಲೆ ಎರಡಾಗಿ ಸೀಳಿದೆ ಅಂದರೆ ಲೆಜೂನಿಯಾ, ಕೈಲೋಲೆಜೂನಿಯಾ ಅಥವಾ ಫ್ರುಲಾನಿಯಾ. ಇವುಗಳನ್ನು ಬಿಡಿಸಲು ಪಕ್ಕದ ಎಲೆಯನ್ನೇ ನೋಡಬೇಕು. ಎಲೆ ಒಂದೇ ತುಂಡಲ್ಲ, ಅದಕ್ಕೆ ಎರಡು ಹಾಲೆ, ಅಂದರೆ ಎರಡು ಭಾಗ. ದೊಡ್ಡ ಹಾಲೆ ಬೆನ್ನಿನ ಕಡೆ, ಚಿಕ್ಕ ಹಾಲೆ ಹೊಟ್ಟೆಯ ಕಡೆ. ಲೆಜೂನಿಯಾದಲ್ಲಿ ಚಿಕ್ಕ ಹಾಲೆ ದೊಡ್ಡದರ ಅಂಚಿಗೆ ಉದ್ದಕ್ಕೂ ಅಂಟಿಕೊಂಡು ಒಳಗೆ ಮಡಚಿ ನೀರು ನಿಲ್ಲುವ ಚೀಲವಾಗಿರುತ್ತದೆ. ಫ್ರುಲಾನಿಯಾದಲ್ಲಿ ಅದು ಸಪೂರ ಬುಡದಿಂದ ಮಾತ್ರ ಅಂಟಿಕೊಂಡು, ಬೋರಲು ಹಾಕಿದ ಮುಟ್ಟಾಳೆಯ, ಅಂದರೆ ಅಡಿಕೆ ಹಾಳೆಯ ಟೋಪಿಯ ಹಾಗೆ ಬೇರೆಯೇ ಉಬ್ಬಿ ನಿಂತಿರುತ್ತದೆ, ಬಾಯಿ ಗಿಡದ ಬುಡದ ಕಡೆಗೆ. ಆ ಮುಟ್ಟಾಳೆ ಮತ್ತು ಕಾಂಡದ ನಡುವೆ ಸ್ಟೈಲಸ್ ಎಂಬ ಸಣ್ಣ ಎಳೆಯೂ ಸಿಕ್ಕಿದರೆ ಫ್ರುಲಾನಿಯಾ ಖಾತ್ರಿ.

ಚೀಲ ಕಾಣುತ್ತಿಲ್ಲ, ಅಥವಾ ಕಂಡದ್ದು ಚೀಲವೋ ಅಲ್ಲವೋ ಗೊತ್ತಾಗುತ್ತಿಲ್ಲ

ಕಾರಣ ಬೇರೆ ಬೇರೆ ಇರಬಹುದು.

ಗಿಡ ಒಣಗಿದ್ದರೆ ಎಲೆ ಕಾಂಡಕ್ಕೆ ಸುತ್ತಿಕೊಂಡಿರುತ್ತದೆ. ನೀರು ಹಾಕಿ ಕಾಯಿರಿ. ತಣ್ಣೀರು ಹಿಡಿಯದಿದ್ದರೆ ಉಗುರು ಬೆಚ್ಚಗಿನ ನೀರು ಹಾಕಿ. ಫ್ರುಲಾನಿಯಾ ಎರಿಕಾಯ್ಡಿಸ್ ಎಂಬ ಜಾತಿ ಉಷ್ಣವಲಯದಲ್ಲೆಲ್ಲ ಹರಡಿದೆ. ಒಣಗಿದಾಗ ಎಲೆ ಕಾಂಡಕ್ಕೆ ಒತ್ತಿಕೊಂಡು ದಾರದ ತುಂಡಿನಂತಿರುತ್ತದೆ. ನೀರು ಬಿದ್ದರೆ ಎಲೆಗಳು ಹೊರಕ್ಕೆ ಸೆಟೆದು ನಿಲ್ಲುತ್ತವೆ. ಒಣಗಿದ್ದನ್ನು ಒಬ್ಬರು, ಒದ್ದೆಯಾದದ್ದನ್ನು ಇನ್ನೊಬ್ಬರು ನೋಡಿದರೆ ಎರಡು ಜಾತಿ ಅಂತ ಜಗಳ ಆಡಬಹುದು. ಇದೇ ಜಾತಿ ಇನ್ನೊಂದು ತರಲೆಯನ್ನೂ ಮಾಡುತ್ತದೆ. ಕೆಲವು ಎಲೆಗಳಲ್ಲಿ ಅಡಿಯ ಹಾಲೆ ಮುಟ್ಟಾಳೆಯಾಗಿ ಉಬ್ಬಿದ್ದರೆ, ಕೆಲವುಗಳಲ್ಲಿ ಬಿಚ್ಚಿಕೊಂಡು ಚಪ್ಪಟೆಯಾಗಿರುತ್ತದೆ. ಒಂದೇ ಎಲೆ ನೋಡಿ ತೀರ್ಮಾನ ಮಾಡಬಾರದು ಅನ್ನುವುದು ಇದಕ್ಕೇ.

ಲೆಜೂನಿಯಾ ಕಡೆಯವರಲ್ಲೂ ಚೀಲ ಸರಿಯಾಗಿ ಬೆಳೆಯದ ಎಲೆಗಳು ಬೇಕಾದಷ್ಟು ಇರುತ್ತವೆ. ಎಳೆ ಕೊಂಬೆಗಳಲ್ಲಿ ಅದು ಬರೀ ಒಂದು ಮಡಿಕೆಯಾಗಿ ಉಳಿದಿರುತ್ತದೆ. ಮುಖ್ಯ ಕಾಂಡದ ನಡುಭಾಗದ ಎಲೆಗಳನ್ನು ಸಾಲಾಗಿ ನೋಡಿ, ಚೆನ್ನಾಗಿ ಬೆಳೆದ ಚೀಲವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಮೈಕ್ರೋಸ್ಕೋಪಿನಲ್ಲಿ ಚೀಲದ ಜಾಗದಲ್ಲಿ ದಪ್ಪ ಕಪ್ಪು ಅಂಚಿನ ಉರುಟು ಕಂಡರೆ ಅದು ಗಾಳಿಗುಳ್ಳೆ. ಕವರ್‌ಸ್ಲಿಪ್ಪನ್ನು (ಸ್ಲೈಡಿನ ಮೇಲೆ ಮುಚ್ಚುವ ತೆಳು ಗಾಜು) ಸೂಜಿಯ ಹಿಂಬದಿಯಿಂದ ಮೆಲ್ಲಗೆ ತಟ್ಟಿ. ಹೋಗದಿದ್ದರೆ ಸ್ಲೈಡನ್ನು ಸ್ವಲ್ಪ ಬಿಸಿ ಮಾಡಿ. ಚೀಲದ ಒಳಗೆ ಏನೋ ಓಡಾಡುತ್ತಿದ್ದರೆ ಹೆದರಬೇಡಿ, ಅದು ಹೆಚ್ಚಾಗಿ ರೋಟಿಫರ್. ಅಲ್ಲೇ ಮನೆ ಮಾಡಿಕೊಂಡಿರುವ ಜೀವಿ. ಗುರುತಿಗೆ ಅದರಿಂದ ಉಪಯೋಗ ಇಲ್ಲ, ಆದರೆ ಮಕ್ಕಳಿಗೆ ತೋರಿಸಿದರೆ ಲಿವರ್‌ವರ್ಟ್ ಮರೆತು ಅದನ್ನೇ ನೋಡುತ್ತಾರೆ.

ಒಂದೇ ಗಿಡದಲ್ಲಿ ಎರಡು ಬಗೆಯ ಅಡಿ ಎಲೆ

ಒಂದೇ ಗಿಡ ಅಲ್ಲ, ಅಷ್ಟೇ. ಹೆಬ್ಬೆರಳುಗುರಿನಷ್ಟು ಮೆತ್ತೆಯಲ್ಲಿ ಎರಡು ಮೂರು ಜಾತಿ ಹೆಣೆದುಕೊಂಡು ಬೆಳೆಯುವುದು ಮಾಮೂಲು. ಎಳೆಯನ್ನು ಬುಡದಿಂದ ತುದಿಯವರೆಗೆ ತುಂಡಾಗದೆ ಹಿಂಬಾಲಿಸಿ. ತುಂಡಾದರೆ ಆ ಎಳೆ ಬಿಡಿ, ಬೇರೆ ತೆಗೆದುಕೊಳ್ಳಿ.

ಬಣ್ಣ ಮತ್ತು ಮದ್ದು

ಬಣ್ಣವನ್ನು ನಂಬಿ ಕೆಟ್ಟವರು ಜಾಸ್ತಿ. ಬಿಸಿಲಿಗೆ ಬಿದ್ದ ಫ್ರುಲಾನಿಯಾ ತಾಮ್ರದ ಕೆಂಪಿಗಿದ್ದರೆ, ನೆರಳಿನಲ್ಲಿ ಅದೇ ಜಾತಿ ಹಸಿರಾಗಿರುತ್ತದೆ.

ನಮ್ಮ ಕಡೆಗೆ ವಿಶೇಷವಾದ ಇನ್ನೊಂದು ದೋಷ ಇದೆ. ಅದು ಹೊರಗಿನ ಪುಸ್ತಕಗಳಲ್ಲಿ ಸಿಗುವುದಿಲ್ಲ. ಕೊಳೆರೋಗಕ್ಕೆ ಮಳೆಗಾಲದಲ್ಲಿ ಮದ್ದು ಬಿಡುತ್ತೇವಲ್ಲ, 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಗೊನೆಗೆ ಬಿಟ್ಟದ್ದು ಮರದುದ್ದಕ್ಕೂ ಇಳಿಯುತ್ತದೆ. ಕೊಲೊಲೆಜೂನಿಯಾದ ಜಾತಿ ಹುಡುಕುವಾಗ ಎಲೆಯ ಕೋಶಗಳ ಮೇಲೆ ಉಬ್ಬು ಇದೆಯಾ ಅಂತ ಕೀ ಕೇಳುತ್ತದೆ. ಮದ್ದಿನ ಕಣಗಳು ಆ ಉಬ್ಬಿನ ಹಾಗೆಯೇ ಕಾಣಬಹುದು. ನಿಜವಾದ ಉಬ್ಬು ಕೋಶದಿಂದ ಕೋಶಕ್ಕೆ ಒಂದು ಕ್ರಮದಲ್ಲಿರುತ್ತದೆ, ಎಲೆಯ ಅಂಚಿನಲ್ಲಿ ಅಡ್ಡದಿಂದ ನೋಡಿದರೂ ಕಾಣುತ್ತದೆ. ಕಣಗಳು ಅಲ್ಲಲ್ಲಿ ಗುಂಪಾಗಿರುತ್ತವೆ. ಒಂದು ಹನಿ ವಿನೆಗರ್ ಹಾಕಿದರೆ ಸುಣ್ಣ ಕರಗುತ್ತದೆ, ಉಬ್ಬು ಕರಗುವುದಿಲ್ಲ. ಮೈಲುತುತ್ತಿನ ತಾಮ್ರ ಈ ಗಿಡಗಳಿಗೆ ಆಗಿಬರುವುದೂ ಇಲ್ಲ. ಮದ್ದು ಇಳಿದ ಬದಿಯ ಗಿಡಗಳು ಸೊರಗಿರುತ್ತವೆ. ಒಳ್ಳೆಯ ಮಾದರಿ ಬೇಕಾದರೆ ತೋಟದ ಅಂಚಿನ ಹಲಸು, ಮಾವಿನ ಮರಕ್ಕೆ ಹೋಗಿ.

ಎಲೆಯ ಮೇಲೆ ಬೆಳೆದದ್ದು

ಕಣಿಯ ಪಕ್ಕದ ಗಿಡ್ಡ ಅಡಿಕೆ ಸಸಿಗಳ ಸೋಗೆಯ ಮೇಲೆ, ಕೊಕ್ಕೊ ಎಲೆಯ ಮೇಲೆ ಹಸಿರು ಚುಕ್ಕಿ ಚುಕ್ಕಿಯಾಗಿ ಅಂಟಿದ್ದರೆ ಅದೂ ಲಿವರ್‌ವರ್ಟ್ ಇರಬಹುದು. ಎಲೆಚುಕ್ಕಿ ರೋಗದ ಹೆದರಿಕೆ ಇರುವ ಈ ಕಾಲದಲ್ಲಿ ಏನು ಕಂಡರೂ ತೋಟದವರಿಗೆ ಎದೆ ಹಾರುತ್ತದೆ. “ಇದು ಮರಕ್ಕೆ ಉಪದ್ರವಾ ಮಾಷ್ಟ್ರೇ?” ಎಂಬುದು ನಾನು ಅತಿ ಹೆಚ್ಚು ಕೇಳಿದ ಪ್ರಶ್ನೆ. ಉಗುರಿನಿಂದ ಕೆರೆದು ನೋಡಿ. ಸಿಪ್ಪೆಯಾಗಿ ಎದ್ದು ಬಂದು ಅಡಿಯಲ್ಲಿ ಎಲೆ ಹಸಿರಾಗಿಯೇ ಇದ್ದರೆ ಅದು ಮೇಲೆ ಬೆಳೆದದ್ದು. ರೋಗದ ಚುಕ್ಕಿ ಎಲೆಯ ಒಳಗೇ ಇರುತ್ತದೆ, ಕೆರೆದರೆ ಹೋಗುವುದಿಲ್ಲ. ಲಿವರ್‌ವರ್ಟ್ ಮರದ ಸಾರ ಹೀರುವುದಿಲ್ಲ. ಕಾಂಡ ಅದಕ್ಕೆ ನಿಲ್ಲಲು ಜಾಗ ಮಾತ್ರ.

ಮಗುಚಿ ನೋಡಲು ಇವು ಕಷ್ಟ, ಎಲೆಗೆ ಒತ್ತಿ ಅಂಟಿರುತ್ತವೆ. ನೆನೆಸಿ, ಬ್ಲೇಡಿನಿಂದ ಸೋಗೆಯ ಮೇಲ್ಸಿಪ್ಪೆ ಸಮೇತ ತೆಗೆಯಿರಿ. ಕೊಲೊಲೆಜೂನಿಯಾ ಆಗಿದ್ದರೆ ಎಲೆಯ ಮೇಲೆ ತಟ್ಟೆಯಾಕಾರದ ಪುಟ್ಟ ಹಸಿರು ಬಿಲ್ಲೆಗಳೂ ಸಿಗುತ್ತವೆ. ಕಳಚಿ ಬಿದ್ದಲ್ಲಿ ಹೊಸ ಗಿಡವಾಗುವ ಮೊಗ್ಗುಗಳವು. ಕೊಳಕು ಅಂತ ತೊಳೆದು ಹಾಕಬೇಡಿ. ಎಲೆಯ ನಡುವೆ ಕೆಲವು ಕೋಶಗಳು ಮಾತ್ರ ದೊಡ್ಡದಾಗಿ, ಸಾಲಾಗಿ ಬೇರೆಯೇ ಕಂಡು, ಅಡಿ ಎಲೆಯ ಎರಡು ಸೀಳು ದಾರದಂತೆ ಅಗಲಕ್ಕೆ ಚಾಚಿದ್ದರೆ ಲೆಪ್ಟೋಲೆಜೂನಿಯಾ.

ಲೆಜೂನಿಯಾ ತನಕ ಬಂದು ನಿಂತಿತು

ಲೆಜೂನಿಯಾವೋ ಕೈಲೋಲೆಜೂನಿಯಾವೋ ಎಂಬಲ್ಲಿ ಬಹಳ ಜನ ಕೈಬಿಡುತ್ತಾರೆ. ಇಲ್ಲಿ 400 ಪಟ್ಟಿನ ಮೈಕ್ರೋಸ್ಕೋಪ್ ಬೇಕು. ಚೀಲದ ಬಾಯಿಯ ಅಂಚಿನಲ್ಲಿ ಒಂದು ಹಲ್ಲು ಇದೆ. ಅದರ ಬುಡದಲ್ಲಿ ನೀರಿನಂತೆ ಪಾರದರ್ಶಕವಾದ ಒಂದೇ ಕೋಶದ ಗುಬ್ಬಿ ಇರುತ್ತದೆ. ಅದು ಹಲ್ಲಿನಿಂದ ಕಾಂಡದ ಕಡೆಗಿದ್ದರೆ ಲೆಜೂನಿಯಾ. ಹಲ್ಲಿನಿಂದ ಆಚೆ, ಎಲೆಯ ತುದಿಯ ಕಡೆಗಿದ್ದರೆ ಕೈಲೋಲೆಜೂನಿಯಾ. ಗುಬ್ಬಿ ಕಾಣದಿದ್ದರೆ ಬೆಳಕು ಜಾಸ್ತಿಯಾಗಿದೆ. ಕನ್ನಡಿಯನ್ನು ಓರೆ ಮಾಡಿ ಬೆಳಕು ತಗ್ಗಿಸಿ, ಅಂಚು ಎದ್ದು ಕಾಣುತ್ತದೆ.

ಇದಕ್ಕೆ ಬೆಂಬಲವಾಗಿ ಕೋಶದೊಳಗಿನ ಎಣ್ಣೆಕಾಯಗಳನ್ನು, ಅಂದರೆ ಎಣ್ಣೆ ತುಂಬಿದ ಪುಟ್ಟ ಉಂಡೆಗಳನ್ನು ನೋಡಬಹುದು. ಕೈಲೋಲೆಜೂನಿಯಾದಲ್ಲಿ ಸಾಮಾನ್ಯವಾಗಿ ಕೆಲವೇ ಇದ್ದು ದೊಡ್ಡದಾಗಿ ತುಂಡು ತುಂಡಾಗಿ ಕಾಣುತ್ತವೆ. ಲೆಜೂನಿಯಾದಲ್ಲಿ ಹೆಚ್ಚಾಗಿ ಸಣ್ಣವು, ಸಂಖ್ಯೆಯಲ್ಲಿ ಜಾಸ್ತಿ. ಆದರೆ ಗಿಡ ಒಣಗಿದರೆ ಇವು ಮಾಯವಾಗುತ್ತವೆ, ಮತ್ತೆ ನೀರು ಹಾಕಿದರೂ ಬರುವುದಿಲ್ಲ. “ಎಣ್ಣೆಕಾಯ ಇಲ್ಲ” ಅಂತ ಬರೆಯುವ ಮೊದಲು ಮಾದರಿ ಎಷ್ಟು ಹಳೆಯದು ಅಂತ ಕೇಳಿಕೊಳ್ಳಿ. ತಂದ ದಿನವೇ ನೋಡಿ, ಚಿತ್ರ ಬಿಡಿಸಿಡಿ.

ಲೆಜೂನಿಯಾ ಕುಲಕ್ಕೆ 1820ರಲ್ಲಿ ಹೆಸರಿಟ್ಟವರು ಮರಿ-ಆ್ಯನ್ ಲಿಬೆರ್, ಈಗಿನ ಬೆಲ್ಜಿಯಂನ ಮಲ್ಮೆಡಿಯ ಮಹಿಳೆ. ತನಗೆ ನೆರವಾದ ವೈದ್ಯ, ಸಸ್ಯಶಾಸ್ತ್ರಜ್ಞ ಲೆಜೂನ್ ಅವರ ಹೆಸರನ್ನೇ ಇಟ್ಟರು. 1845ರಲ್ಲಿ ಯುರೋಪಿನ ಆಲೂಗಡ್ಡೆ ಬೆಳೆ ಕೊಳೆಯಿಸಿದ ರೋಗಾಣುವನ್ನು ಮೊದಮೊದಲು ವರ್ಣಿಸಿದವರಲ್ಲೂ ಲಿಬೆರ್ ಇದ್ದಾರೆ. ಅದನ್ನು ಈಗ ಫೈಟೋಫ್ತೊರಾ ಅನ್ನುತ್ತೇವೆ. ನಮ್ಮ ಅಡಿಕೆಯ ಕೊಳೆರೋಗವೂ ಅದೇ ಕುಲದ್ದು. ಅಂದರೆ ಗೊನೆಯಲ್ಲಿರುವ ಶತ್ರು, ಬುಡದಲ್ಲಿರುವ ಈ ಬಡಪಾಯಿ ಎರಡೂ ಒಬ್ಬರ ಕಣ್ಣಿನ ಕೆಳಗೆ ಹಾದುಹೋದವು.

ಕುಲದಿಂದ ಮುಂದೆ ಜಾತಿಗೆ ಹೋಗಬೇಕಾದರೆ ಹೆಣ್ಣು ಕೊಂಬೆಯ ತುದಿಯ ಪೆರಿಯಾಂತ್ ಬೇಕು. ಬೀಜಕದ ಚೀಲ ಬೆಳೆಯುವ ತನಕ ಅದನ್ನು ಸುತ್ತಿಕೊಂಡಿರುವ ಕೊಳವೆ ಅದು. ಲೆಜೂನಿಯಾದಲ್ಲಿ ಸಾಮಾನ್ಯವಾಗಿ ಐದು ಏಣು ಇರುತ್ತದೆ. ರಾಡುಲಾದಲ್ಲಿ ಚಪ್ಪಟೆ, ಬಾಯಿ ಕತ್ತರಿಸಿದ ಹಾಗೆ. ಲೋಫೋಲೆಜೂನಿಯಾದಲ್ಲಿ ಏಣುಗಳಿಗೆ ಹಲ್ಲು. ಏಪ್ರಿಲ್‌ನ ಸೆಕೆಯಲ್ಲಿ ಕಿತ್ತ ಒಣ ಮಾದರಿಯಲ್ಲಿ ಇದು ಸಿಗದಿದ್ದರೆ ಆಶ್ಚರ್ಯ ಇಲ್ಲ. ಮರವನ್ನು ಗುರುತು ಮಾಡಿಟ್ಟು ಮಳೆಗಾಲದ ಕೊನೆಗೆ ಮತ್ತೆ ಹೋಗಿ. ಪೆರಿಯಾಂತ್ ಇಲ್ಲದ ಎಳೆಗೆ ಜಾತಿಯ ಹೆಸರು ಅಂಟಿಸುವುದಕ್ಕಿಂತ ಸುಮ್ನೆ “ಲೆಜೂನಿಯಾ, ಜಾತಿ ಗೊತ್ತಿಲ್ಲ” ಅಂತ ಬರೆಯುವುದೇ ಸರಿಯಾದ ಗುರುತು.

ಬೇರೆಯವರಿಗೆ ಕಳಿಸುವುದಾದರೆ

ಪ್ಲಾಸ್ಟಿಕ್ ಕವರ್ ಬೇಡ, ಬೂಸ್ಟು ಹಿಡಿಯುತ್ತದೆ. ನೆರಳಿನಲ್ಲಿ ಆರಿಸಿ ಕಾಗದದ ಪೊಟ್ಟಣ ಕಟ್ಟಿ. ಹೆಬ್ಬೆರಳುಗುರಿನಷ್ಟು ಸಾಕು. ಅಡಿಕೆ ಮರದ ಕಾಂಡಕ್ಕೆ ಚಾಕು ಹಾಕಬೇಡಿ, ಒದ್ದೆ ಮಾಡಿ ಉಗುರಿನಿಂದ ಎಬ್ಬಿಸಿದರೆ ಬರುತ್ತದೆ. ನಾಗಬನದ ಮರವಾದರೆ ಮನೆಯವರನ್ನು ಕೇಳದೆ ಮುಟ್ಟಬೇಡಿ.

ಪೊಟ್ಟಣದ ಮೇಲೆ ಊರು, ತಾರೀಕು, ಯಾವ ಮರ, ನೆಲದಿಂದ ಎಷ್ಟು ಎತ್ತರ, ನೆರಳೋ ಬಿಸಿಲೋ, ಮದ್ದು ಬಿಟ್ಟ ಮರವೋ ಅಲ್ಲವೋ, ಇಷ್ಟನ್ನು ಪೆನ್ಸಿಲಿನಲ್ಲಿ ಬರೆಯಿರಿ. ಶಾಯಿ ಒದ್ದೆಗೆ ಹರಡುತ್ತದೆ. ಹಸಿ ಇದ್ದಾಗ ಕಂಡ ಎಣ್ಣೆಕಾಯಗಳ ಚಿತ್ರವನ್ನೂ ಒಳಗಿಡಿ, ಯಾಕೆಂದರೆ ನೋಡುವವರ ಕೈಗೆ ಸಿಗುವಾಗ ಅವು ಇರುವುದಿಲ್ಲ. ಫೋಟೋ ಕಳಿಸುವುದಾದರೆ ಮೂರು ಬೇಕು: ಮರದ ಮೇಲಿನ ಮೆತ್ತೆ, ಬೆನ್ನಿನ ಬದಿ, ಹೊಟ್ಟೆಯ ಬದಿ. ಒಂದೇ ಕಳಿಸಲು ಸಾಧ್ಯ ಅಂದರೆ ಮೂರನೆಯದನ್ನು ಕಳಿಸಿ.